ಒಂದು ಮೈಲಿಯ ನೇಮ

2017ರ ಜನವರಿ 28, ಶನಿವಾರ. ಇಂಗ್ಲೆಂಡಿನಲ್ಲಿ 78 ವರ್ಷದ ಹಿರಿಯರೊಬ್ಬರು ಎಂದಿನಂತೆ ಓಡಲು ಹೊರಟರು. 400 ಮೀಟರ್ ಆಗುವಷ್ಟರಲ್ಲಿ ಎದೆ ನೋಯತೊಡಗಿತು. 800 ಮೀಟರ್ ಹೊತ್ತಿಗೆ ನೋವು ತಡೆಯಲಾರದಷ್ಟಾಯಿತು. ಸತ್ತೇ ಹೋಗುತ್ತೇನೇನೋ ಅನ್ನಿಸಿತಂತೆ. ಆದರೂ ನಿಲ್ಲಲಿಲ್ಲ. ಹೇಗೋ ಒಂದು ಮೈಲಿ ಮುಗಿಸಿದರು. ತಗುಲಿದ್ದು 16 ನಿಮಿಷ 34 ಸೆಕೆಂಡ್. ಚುರುಕು ಕಾಲಿನವರು ಅಷ್ಟು ಹೊತ್ತಿನಲ್ಲಿ ಒಂದು ಮೈಲಿಯನ್ನು ನಡೆದೇ ಮುಗಿಸುತ್ತಾರೆ.

ಮರುದಿನ ಭಾನುವಾರ ಅವರು ಓಡಲಿಲ್ಲ. ಒಬ್ಬ ಮುದುಕ ಒಂದು ದಿನ ಓಡದೆ ಮನೆಯಲ್ಲಿ ಕೂತಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಯಾಕೆಂದರೆ 1964ರ ಡಿಸೆಂಬರ್ 20ರಿಂದ ಆವತ್ತಿನ ತನಕ ಅವರು ಒಂದೇ ಒಂದು ದಿನವೂ ಓಟ ತಪ್ಪಿಸಿರಲಿಲ್ಲ. 52 ವರ್ಷ, 39 ದಿನ. ಒಟ್ಟು 19,032 ದಿನ.

ಅವರ ಹೆಸರು ರಾನ್ ಹಿಲ್. ಶಿಸ್ತು ಅಂದ ಕೂಡಲೇ ಓಟಗಾರರು ಈ ಹೆಸರು ತೆಗೆಯುತ್ತಾರೆ. ಹಠಮಾರಿ ಅನ್ನುವುದಕ್ಕೂ ಇದೇ ಹೆಸರು ತೆಗೆಯುತ್ತಾರೆ. ನಾನು ಇವರ ಕಥೆಯ ಹಿಂದೆ ಬಿದ್ದಿದ್ದು ಬೇರೆಯೇ ಕಾರಣಕ್ಕೆ. ದಿನಾ ವಾಕಿಂಗ್ ಹೋಗುವುದರಲ್ಲೇ ನನಗೆ 71 ದಿನ ದಾಟಲು ಆಗಿರಲಿಲ್ಲ. 19,032 ದಿನ ಒಬ್ಬ ಮನುಷ್ಯನಿಂದ ಹೇಗೆ ಸಾಧ್ಯ ಅಂತ ನೋಡಬೇಕಿತ್ತು. ನೋಡುತ್ತಾ ಹೋದರೆ ಸಿಕ್ಕಿದ್ದು ನಾನಂದುಕೊಂಡ ಕಬ್ಬಿಣದಂಥ ಶಿಸ್ತು ಅಲ್ಲ. ಅದರೊಳಗೆ ಎಷ್ಟೊಂದು ಸಡಿಲ ಇತ್ತು. ಒಂದು ಕಡೆ ಮಾತ್ರ ಇರಲೇ ಇಲ್ಲ.

ಆಸಾಮಿ ಯಾರು

ಹಿಲ್ ಹುಟ್ಟಿದ್ದು 1938ರ ಸೆಪ್ಟೆಂಬರಿನಲ್ಲಿ, ಲ್ಯಾಂಕಾಶೈರಿನ ಆಕ್ರಿಂಗ್ಟನ್‌ನಲ್ಲಿ. ಹತ್ತಿ ಗಿರಣಿಗಳ ಸೀಮೆ ಅದು. ಓದಿದ್ದೂ ಬಟ್ಟೆಯ ರಸಾಯನಶಾಸ್ತ್ರ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಬಟ್ಟೆ ಕಂಪನಿಯಲ್ಲಿ ಕೆಲಸ. ಆ ಕಾಲದ ಓಟಗಾರರಿಗೆ ಓಟದಿಂದ ಸಂಬಳ ಇರಲಿಲ್ಲ. ದಿನವಿಡೀ ಕೆಲಸ ಮಾಡಬೇಕು, ಮನೆ ನಡೆಸಬೇಕು, ಉಳಿದ ಹೊತ್ತಿನಲ್ಲಿ ಓಡಬೇಕು. ಹಿಲ್ ಕೆಲಸಕ್ಕೆ ಓಡಿಕೊಂಡೇ ಹೋಗುತ್ತಿದ್ದರು, ಓಡಿಕೊಂಡೇ ಬರುತ್ತಿದ್ದರು.

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟದಲ್ಲಿ 18ನೇ ಸ್ಥಾನ, ಮ್ಯಾರಥಾನ್‌ನಲ್ಲಿ 19ನೇ ಸ್ಥಾನ. ಅದಾಗಿ ಎರಡು ತಿಂಗಳಿಗೆ, ಡಿಸೆಂಬರ್ 20ರಂದು, ಈ ದಿನಗಳ ಸರಪಳಿ ಶುರುವಾಯಿತು. ಆಮೇಲಿನ ಲೆಕ್ಕ ನೋಡಿ. 1969ರಲ್ಲಿ ಅಥೆನ್ಸ್‌ನಲ್ಲಿ ಯುರೋಪಿನ ಮ್ಯಾರಥಾನ್ ಚಿನ್ನ. 1970ರಲ್ಲಿ ಬಾಸ್ಟನ್ ಮ್ಯಾರಥಾನ್, 2 ಗಂಟೆ 10 ನಿಮಿಷ 30 ಸೆಕೆಂಡ್. ಆ ಓಟದ ಹಳೆಯ ದಾಖಲೆಗಿಂತ ಮೂರು ನಿಮಿಷಕ್ಕೂ ಹೆಚ್ಚು ಬೇಗ. ಬಾಸ್ಟನ್ ಗೆದ್ದ ಮೊದಲ ಬ್ರಿಟಿಷ್ ಓಟಗಾರ ಇವರೇ. ಅದೇ ವರ್ಷ ಎಡಿನ್‌ಬರೋದಲ್ಲಿ ಕಾಮನ್‌ವೆಲ್ತ್ ಚಿನ್ನ, 2 ಗಂಟೆ 9 ನಿಮಿಷ 28 ಸೆಕೆಂಡ್. ಅಂದರೆ ಒಂದೊಂದು ಮೈಲಿಗೂ 5 ನಿಮಿಷಕ್ಕಿಂತ ಕಡಿಮೆ, ಹಾಗೆ ಸತತ 26 ಮೈಲಿ.

5 ನಿಮಿಷದ ಮೈಲಿಯಿಂದ 16 ನಿಮಿಷದ ಮೈಲಿಗೆ. ಈ ಎರಡೂ ಒಂದೇ ಸರಪಳಿಯ ಕೊಂಡಿಗಳು. ಇದನ್ನು ಮರೆಯಬಾರದು, ಮುಂದೆ ಬೇಕಾಗುತ್ತದೆ.

ನೇಮದ ಒಳಗೆ ಏನಿತ್ತು

52 ವರ್ಷ ದಿನಾ ಓಡಿದರು ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಬೆಳಗಿನ ಜಾವ, ಅಲಾರಾಂ, ದಿನಾ ಅಷ್ಟೇ ದೂರ, ಅಷ್ಟೇ ವೇಗ. ನಾವು ಶಿಸ್ತು ಅನ್ನುವುದನ್ನು ಶಾಲೆಯ ಗಂಟೆಯಿಂದಲೇ ಕಲಿತವರು, ಅದಕ್ಕೆ ಹೀಗೆ.

ಹಿಲ್ ಅವರ ನೇಮ ಹೀಗಿರಲಿಲ್ಲ. ದಿನಕ್ಕೆ ಕನಿಷ್ಠ ಒಂದು ಮೈಲಿ, ಅಂದರೆ ಸುಮಾರು 1.6 ಕಿಲೋಮೀಟರ್, ಓಡಬೇಕು. ಅಷ್ಟೇ. ಎಷ್ಟು ಹೊತ್ತಿಗೆ, ಎಷ್ಟು ವೇಗದಲ್ಲಿ, ಯಾವ ರಸ್ತೆಯಲ್ಲಿ ಅನ್ನುವುದಕ್ಕೆ ಕಟ್ಟಳೆ ಇಲ್ಲ. ರಾತ್ರಿ ಹನ್ನೆರಡರ ಒಳಗೆ ಮುಗಿದಿರಬೇಕು. ಒಲಿಂಪಿಕ್ಸ್‌ಗೆ ತಯಾರಾಗುವ ಮನುಷ್ಯನಿಗೆ ಒಂದು ಮೈಲಿ ಅಂದರೆ ಏನೂ ಅಲ್ಲ. ಅಡುಗೆಯವರಿಗೆ ಒಂದು ಲೋಟ ಕಾಫಿ ಮಾಡಿಕೊಡಿ ಅಂದ ಹಾಗೆ. ಆದರೆ ಗಮ್ಮತ್ತು ಇರುವುದೇ ಅಲ್ಲಿ. ಜ್ವರ ಬಂದ ದಿನ, ಪ್ರಯಾಣದ ದಿನ, ಮನೆಗೆ ನೆಂಟರು ಬಂದ ದಿನ, ಮನಸ್ಸು ಕೆಟ್ಟ ದಿನ ಒಬ್ಬ ಚಾಂಪಿಯನ್ ಓಟಗಾರನೂ ಸಾಮಾನ್ಯ ಮನುಷ್ಯನೇ. ಆ ದಿನಕ್ಕಾಗಿಯೇ ಆ ಮೈಲಿ.

ಒಳ್ಳೆಯ ದಿನಗಳಲ್ಲಿ ಅವರು ಒಂದೇ ಮೈಲಿಗೆ ನಿಲ್ಲುತ್ತಿದ್ದರಾ? ಖಂಡಿತ ಇಲ್ಲ. ಮೊದಲ 26 ವರ್ಷ ದಿನಕ್ಕೆ ಎರಡು ಸಲ ಓಡುತ್ತಿದ್ದರು, ಭಾನುವಾರ ಮಾತ್ರ ಒಂದು ಸಲ. 1956ರಿಂದಲೇ ಓಡಿದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುವ ಅಭ್ಯಾಸ. ಜೀವನದಲ್ಲಿ 115 ಮ್ಯಾರಥಾನ್ ಓಡಿದರು. 70 ತುಂಬುವ ಮೊದಲು 100 ದೇಶಗಳಲ್ಲಿ ಓಡಬೇಕು ಅಂತ ಹೊರಟು ಅದನ್ನೂ ಮುಗಿಸಿದರು. ಇದೆಲ್ಲ ಆಸೆ, ಗುರಿ, ಹುಮ್ಮಸ್ಸು. ಆದರೆ ನೇಮ ಅನ್ನುವುದು ಬೇರೆ, ಗುರಿ ಅನ್ನುವುದು ಬೇರೆ. ಗುರಿ ಎಷ್ಟು ಎತ್ತರ ಬೇಕಾದರೂ ಇರಲಿ, ನೇಮ ಮಾತ್ರ ನೆಲಕ್ಕೆ ತಾಗಿಕೊಂಡಿತ್ತು.

1991ರ ಹೊತ್ತಿಗೆ ದಿನಕ್ಕೆ ಎರಡು ಸಲ ಓಡುವುದನ್ನು ಬಿಟ್ಟು ಒಂದಕ್ಕೆ ಇಳಿದರು. ಆಗ ಅವರಿಗೆ 50 ದಾಟಿತ್ತು. ಈ ಬದಲಾವಣೆ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸಿದ್ದು ಇದೇ. ನಮ್ಮಂಥವರಾಗಿದ್ದರೆ ಏನು ಮಾಡುತ್ತಿದ್ದೆವು? ‘ಮೊದಲು ಎರಡು ಸಲ ಓಡ್ತಿದ್ದೆ, ಈಗ ಒಂದು ಸಲ ಓಡೋದಾದ್ರೆ ಅದೇನು ಓಟ’ ಅಂತ ಬಿಟ್ಟೇಬಿಡುತ್ತಿದ್ದೆವು. ಹಳೆಯ ನಮ್ಮ ಜೊತೆಗೇ ನಮಗೆ ಪೈಪೋಟಿ. ಹಿಲ್ ಆ ಗೋಜಿಗೆ ಹೋಗಲಿಲ್ಲ. ದೇಹ ಅರ್ಧಕ್ಕೆ ಇಳಿಸು ಅಂದಿತು, ಇಳಿಸಿದರು. ವೇಗ ಹೋಯಿತು, ಹೋಗಲಿ ಅಂದರು. ದಿನವನ್ನು ಮಾತ್ರ ಬಿಡಲಿಲ್ಲ.

ತಮಾಷೆ ಅಂದರೆ ಇದು ನಮ್ಮ ಮನೆಗಳಿಗೆ ಹೊಸ ವಿಷಯವೇ ಅಲ್ಲ. ಪೂಜೆಯ ಸಂಕಲ್ಪ ಹೇಳಿಸುವಾಗ ಪುರೋಹಿತರು ‘ಯಥಾಶಕ್ತಿ’ ಅಂತ ಒಂದು ಮಾತು ಸೇರಿಸುತ್ತಾರೆ, ಗಮನಿಸಿದ್ದೀರಾ? ಸಂಧ್ಯಾವಂದನೆಯಲ್ಲಿ ಗಾಯತ್ರಿ 108 ಆದರೆ ಒಳ್ಳೆಯದು, 28 ಆದರೂ ಸರಿ, ತೀರಾ ಅವಸರ ಅಂದರೆ 10. ಹತ್ತೂ ಇಲ್ಲ ಅನ್ನುವ ಹಾಗಿಲ್ಲ. ನಮ್ಮತ್ತೆ ತೀರ್ಥಹಳ್ಳಿ ಕಡೆಯವರು. ಅವರ ಏಕಾದಶಿ ನೋಡಿದರೆ ನಿಮಗೆ ಅರ್ಥವಾಗುತ್ತದೆ. ಗಟ್ಟಿ ಇದ್ದಾಗ ನೀರೂ ಕುಡಿಯುತ್ತಿರಲಿಲ್ಲ. ಆಮೇಲೆ ಹಣ್ಣು, ಹಾಲು. ಬಿ.ಪಿ. ಮಾತ್ರೆ ಶುರುವಾದ ಮೇಲೆ ಮೊಸರವಲಕ್ಕಿ. ‘ಅವಲಕ್ಕಿ ತಿಂದ್ರೆ ಉಪವಾಸ ಹೇಗಾಗುತ್ತೆ ಅತ್ತೆ?’ ಅಂತ ಒಮ್ಮೆ ಕಿಚಾಯಿಸಿದ್ದೆ. ‘ಅನ್ನ ಬಿಟ್ಟಿದೀನಲ್ಲ ಮಾರಾಯ್ತಿ, ಏಕಾದಶಿ ಅಂತ ನೆನಪಿದೆಯಲ್ಲ’ ಅಂದರು. ನಾನು ನಕ್ಕಿದ್ದೆ. ಈಗ ನಗು ಬರುವುದಿಲ್ಲ. 40 ವರ್ಷದಿಂದ ಅವರು ಏಕಾದಶಿ ತಪ್ಪಿಸಿಲ್ಲ. ನಾನು ಶುರು ಮಾಡಿದ ಉಪವಾಸಗಳಲ್ಲಿ ಒಂದೂ ಎರಡನೇ ತಿಂಗಳು ಕಂಡಿಲ್ಲ.

ನನ್ನ 71 ದಿನ

ನನ್ನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಇದು ಹಿಲ್ ಕಥೆ, ನನ್ನದಲ್ಲ.

ಎರಡು ವರ್ಷದ ಹಿಂದೆ ಸಕ್ಕರೆ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರ ತನಕ ಇದ್ದರೆ ಡಯಾಬಿಟಿಸ್ ಅಂಚಿನಲ್ಲಿದ್ದೀರಿ ಅಂತ ಅರ್ಥ. ಡಾಕ್ಟರ್ ವಾಕಿಂಗ್ ಅಂದರು. ನಾನು ಆರಂಭಶೂರಳು. ಮರುದಿನವೇ ಶೂ ತಂದೆ, ಫೋನಿಗೆ ಆಪ್ ಹಾಕಿಕೊಂಡೆ, ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ದಿನಾ ಬೆಳಗ್ಗೆ ಐದೂವರೆಗೆ, ಪೂರ್ತಿ ಒಂದು ಸುತ್ತು ಅಂತ ಶಪಥ ಮಾಡಿದೆ. ಆಪ್‌ನಲ್ಲಿ ದಿನ ಬೆಳೆಯುತ್ತಾ ಹೋಯಿತು. 30 ಆದಾಗ ಪಟಾಕಿ ಹೊಡೆದ ಹಾಗೆ ಏನೋ ಬಂತು. 60 ಆದಾಗ ಪದಕ. 72ನೇ ದಿನ ತೀರ್ಥಹಳ್ಳಿಯಲ್ಲಿ ಮದುವೆ. ರಾತ್ರಿ ಬಸ್ಸು, ಬೆಳಗ್ಗೆ ದೇವರ ಸಮಾರಾಧನೆ, ಸಂಜೆ ಆರತಕ್ಷತೆ. ವಾಕಿಂಗ್ ಎಲ್ಲಿಂದ ಬರಬೇಕು? ರಾತ್ರಿ ಹನ್ನೆರಡಕ್ಕೆ ಫೋನ್ ನೋಡಿದರೆ 71 ಇದ್ದದ್ದು ಸೊನ್ನೆ.

ಮದುವೆ ಮುಗಿಸಿ ಬಂದ ಮೇಲೆ ಒಂದು ದಿನ ಸುಸ್ತು ಅಂತ ಹೋಗಲಿಲ್ಲ. ಆಮೇಲೆ ಸೋಮವಾರದಿಂದ ಶುರು ಮಾಡೋಣ ಅಂದುಕೊಂಡೆ. ಆಮೇಲೆ ಒಂದನೇ ತಾರೀಖಿನಿಂದ. ಆಮೇಲೆ ಯುಗಾದಿಯಿಂದ. ನಾಲ್ಕು ತಿಂಗಳ ನಂತರ ಶೂ ತೆಗೆದರೆ ಎಡಗಾಲಿನದರೊಳಗೆ ಹಲ್ಲಿ ಎರಡು ಮೊಟ್ಟೆ ಇಟ್ಟಿತ್ತು.

ಇದಕ್ಕೆ ಮನಶ್ಶಾಸ್ತ್ರದವರು ಹೆಸರಿಟ್ಟಿದ್ದಾರೆ. ಟೊರೊಂಟೊ ವಿಶ್ವವಿದ್ಯಾಲಯದ ಪೀಟರ್ ಹರ್ಮನ್ ಮತ್ತು ಜ್ಯಾನೆಟ್ ಪೊಲಿವಿ ಡಯಟ್ ಮಾಡುವವರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು. 1975ರಲ್ಲಿ ಬಂದ ಹರ್ಮನ್ ಅವರ ಒಂದು ಪ್ರಯೋಗ ಹೀಗಿದೆ. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿದರು. ಆಮೇಲೆ ಎಷ್ಟು ಬೇಕಾದರೂ ಐಸ್‌ಕ್ರೀಂ ತಿನ್ನಿ, ರುಚಿ ಹೇಗಿದೆ ಹೇಳಿ ಅಂದರು. ಡಯಟ್ ಗೊಡವೆ ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಕಡಿಮೆ ತಿಂದರು, ಹೊಟ್ಟೆ ತುಂಬಿತ್ತಲ್ಲ. ಡಯಟ್ ಮಾಡುತ್ತಿದ್ದವರು ಜಾಸ್ತಿ ತಿಂದರು! ಇವತ್ತಿನ ನೇಮ ಹೇಗೂ ಹಾಳಾಯಿತು, ಇನ್ನೇನು ಅಂತ. ಇದಕ್ಕೆ ಅವರಿಟ್ಟ ಇಂಗ್ಲಿಷ್ ಹೆಸರನ್ನು ನಮ್ಮ ಭಾಷೆಗೆ ತರುವ ಕಷ್ಟವೇ ಬೇಡ. ಮುಳುಗಿದವನಿಗೆ ಚಳಿಯೇನು, ಮಳೆಯೇನು ಅಂತ ನಮ್ಮವರು ಯಾವತ್ತೋ ಹೇಳಿದ್ದಾರೆ.

ನನ್ನ ನೇಮದಲ್ಲಿ ಎಲ್ಲವೂ ಗಟ್ಟಿಯಾಗಿತ್ತು. ಐದೂವರೆ ಗಟ್ಟಿ, ಕೆರೆ ಗಟ್ಟಿ, ಪೂರ್ತಿ ಸುತ್ತು ಗಟ್ಟಿ. ಮಡಕೆಯೂ ಗಟ್ಟಿಯೇ, ಬೀಳುವ ತನಕ. ತೀರ್ಥಹಳ್ಳಿಯಲ್ಲಿ ಛತ್ರದಿಂದ ರಾಮತೀರ್ಥದ ತನಕ ಹೋಗಿ ಬಂದಿದ್ದರೆ ಸಾಕಿತ್ತು. ತುಂಗೆ ಹರಿಯುವುದನ್ನಾದರೂ ನೋಡುತ್ತಿದ್ದೆ. ಆದರೆ ಅದು ವಾಕಿಂಗ್ ಅಂತ ನನ್ನ ಲೆಕ್ಕದಲ್ಲೇ ಇರಲಿಲ್ಲ.

ಊರುಗೋಲಿನ ಮೈಲಿ

ಈಗ ಕಥೆಯ ಕಿರಿಕಿರಿಯ ಭಾಗ. ಹಿಲ್ ಅವರನ್ನು ಸುಮ್ನೆ ಹೊಗಳಿಕೊಂಡು ಹೋಗಲು ಇಲ್ಲಿ ಆಗುವುದಿಲ್ಲ.

1993ರಲ್ಲಿ ಕಾರು ಅಪಘಾತವಾಗಿ ಅವರ ಎದೆಮೂಳೆ ಮುರಿಯಿತು. ಮರುದಿನವೂ ಓಡಿದರು. ಇನ್ನೊಮ್ಮೆ ಕಾಲ್ಬೆರಳಿನ ಬುಡದ ಗಂಟಿಗೆ ಆಪರೇಷನ್ ಆಗಿ ಕಾಲಿಗೆ ಪ್ಲಾಸ್ಟರ್ ಹಾಕಿತ್ತು. ಊರುಗೋಲು ಹಿಡಿದು ಕುಂಟುತ್ತಾ ಒಂದು ಮೈಲಿ ಮುಗಿಸಿದರು. 27 ನಿಮಿಷ ಹಿಡಿಯಿತು.

ಇದನ್ನು ಓಟ ಅನ್ನಬಹುದಾ? ಹೀಗೆ ದಿನಾ ಓಡುವವರ ಲೆಕ್ಕ ಇಡಲು ಅಮೆರಿಕದಲ್ಲಿ ಒಂದು ಸಂಘವೇ ಇದೆ. ದಿನಕ್ಕೆ ಕನಿಷ್ಠ ಒಂದು ಮೈಲಿ, ಸ್ವಂತ ಕಾಲಿನ ಬಲದಲ್ಲಿ ಅನ್ನುವುದು ಅವರ ನಿಯಮ. ಊರುಗೋಲು ಲೆಕ್ಕಕ್ಕಿಲ್ಲ. ಆ ನಿಯಮ ಹಿಡಿದರೆ ಹಿಲ್ ಅವರ ಸರಪಳಿ ಊರುಗೋಲು ಹಿಡಿದ ದಿನವೇ ತುಂಡಾಗಿರಬೇಕು ಅಂತ ವಾದ ಮಾಡಬಹುದು. ನನಗೆ ಆ ವಾದದಲ್ಲಿ ಆಸಕ್ತಿ ಇಲ್ಲ. ನನ್ನ ತಕರಾರು ಅದಕ್ಕೆ ಪೂರ್ತಿ ಉಲ್ಟಾ. ಆ ದಿನ ಅವರು ಯಾಕೆ ಮನೆಯಲ್ಲಿ ಕೂರಲಿಲ್ಲ?

ಕನ್ನಡದಲ್ಲಿ ಛಲ ಅಂತ ಒಂದು ಮಾತಿದೆ, ಹಠ ಅಂತ ಇನ್ನೊಂದಿದೆ. ಎರಡನ್ನೂ ನಾವು ಎಷ್ಟು ಸಲೀಸಾಗಿ ಬೇರೆ ಮಾಡುತ್ತೇವೆ! ಕೆಲಸ ಆಗಬೇಕು ಅನ್ನುವುದು ಛಲ. ನಾನು ಹೇಳಿದ ಹಾಗೇ ಆಗಬೇಕು ಅನ್ನುವುದು ಹಠ. ಹಿಲ್ ಓಡಲು ಶುರು ಮಾಡಿದ್ದು ಒಳ್ಳೆಯ ಓಟಗಾರ ಆಗಲು. ಮುರಿದ ಎದೆಮೂಳೆ ಇಟ್ಟುಕೊಂಡು ಓಡಿದರೆ ಯಾರೂ ಒಳ್ಳೆಯ ಓಟಗಾರ ಆಗುವುದಿಲ್ಲ. ಆ ಮೈಲಿ ಓಟಕ್ಕಾಗಿ ಓಡಿದ್ದಲ್ಲ, ಲೆಕ್ಕಕ್ಕಾಗಿ ಓಡಿದ್ದು. ಅಲ್ಲಿಗೆ ನೇಮ ಯಜಮಾನ, ಮನುಷ್ಯ ಆಳು.

ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಊರುಗೋಲು ಹಿಡಿದ ಮನುಷ್ಯ 27 ನಿಮಿಷ ತಗೊಂಡದ್ದನ್ನು ಮುಚ್ಚಿಡಲಿಲ್ಲ. ಒಂದು ಕಾಲದಲ್ಲಿ ಅಷ್ಟೇ ಹೊತ್ತಿನಲ್ಲಿ ಐದು ಮೈಲಿ ಓಡಿ ಮುಗಿಸುತ್ತಿದ್ದವರು. ಅಹಂಕಾರ ಇದ್ದವರಿಗೆ ಅದು ನುಂಗಲಾರದ ತುತ್ತು. ಅಂದರೆ ಅವರ ನೇಮದಲ್ಲಿ ‘ಎಷ್ಟು’ ಅನ್ನುವುದು ಬೆಣ್ಣೆಯ ಹಾಗೆ ಮೆತ್ತಗೆ, ‘ಹೋಗುವುದು’ ಅನ್ನುವುದು ಕಲ್ಲು. 19,032ರಲ್ಲಿ ಬಹುಪಾಲು ದಿನ ಅವರನ್ನು ಕಾಪಾಡಿದ್ದು ಆ ಬೆಣ್ಣೆ. ಒಂದಷ್ಟು ದಿನ ಅಪಾಯಕ್ಕೆ ಒಡ್ಡಿದ್ದು ಆ ಕಲ್ಲು. ಇಂಥ ದಿನ ಹೋಗಬೇಕಾಗಿಲ್ಲ ಅನ್ನುವ ಒಂದು ಸಾಲು ಆ ನೇಮದಲ್ಲಿ ಬರೆದೇ ಇರಲಿಲ್ಲ.

ಇನ್ನೊಂದು ಘಟನೆಯೂ ನೆನಪಾಗುತ್ತದೆ. 1972ರ ಮ್ಯೂನಿಕ್ ಒಲಿಂಪಿಕ್ಸ್. ಮ್ಯಾರಥಾನ್ ಗೆಲ್ಲಬಹುದಾದವರ ಪಟ್ಟಿಯಲ್ಲಿ ಹಿಲ್ ಹೆಸರು ಮೇಲೆಯೇ ಇತ್ತು. ಓಟಕ್ಕೆ ಮುಂಚಿನ ವಾರದಲ್ಲಿ ಕೆಲವು ದಿನ ಪಿಷ್ಟ ಬಿಟ್ಟು, ಆಮೇಲೆ ಕೆಲವು ದಿನ ಪಿಷ್ಟವನ್ನೇ ತುಂಬಿಕೊಳ್ಳುವ ಪಥ್ಯವನ್ನು ಮೊದಲಿಗೆ ಪ್ರಯೋಗಿಸಿದ ಓಟಗಾರರಲ್ಲಿ ಅವರೂ ಒಬ್ಬರು. ಬಟ್ಟೆ ಹಗುರವಾಗಿರಬೇಕು, ಗಾಳಿಯಾಡಬೇಕು ಅಂತ ಬಲೆಯಂಥ ಬನಿಯನ್ ಹಾಕಿ ಓಡುತ್ತಿದ್ದವರು. 1968ರಲ್ಲಿ ಮೆಕ್ಸಿಕೊದಲ್ಲಿ ಬರಿಗಾಲಲ್ಲೇ ಓಡಿ 10,000 ಮೀಟರಿನಲ್ಲಿ ಏಳನೆಯವರಾಗಿದ್ದರು. ಪ್ರತಿಯೊಂದಕ್ಕೂ ಲೆಕ್ಕ. ಆದರೆ ಮ್ಯೂನಿಕ್‌ನಲ್ಲಿ ಇಸ್ರೇಲಿ ಆಟಗಾರರ ಮೇಲೆ ದಾಳಿ ನಡೆದು ಇಡೀ ಕ್ರೀಡಾಕೂಟ ಒಂದು ದಿನ ಮುಂದಕ್ಕೆ ಹೋಯಿತು. ದಿನ ಎಣಿಸಿ ಮಾಡಿದ ಪಥ್ಯದವರಿಗೆ ಒಂದು ದಿನ ಅಂದರೆ ಸಣ್ಣದಲ್ಲ. ಹಿಲ್ ಆರನೆಯವರಾಗಿ ಬಂದರು, 2 ಗಂಟೆ 16 ನಿಮಿಷ. ಗೆದ್ದ ಫ್ರಾಂಕ್ ಶಾರ್ಟರ್ 2 ಗಂಟೆ 12 ನಿಮಿಷ. ಸೋಲಿಗೆ ಆ ಒಂದು ದಿನವೇ ಕಾರಣ ಅಂತ ನಾನು ಹೇಳುತ್ತಿಲ್ಲ, ಶಾರ್ಟರ್‌ಗೂ ಅದೇ ದಿನ ಮುಂದೆ ಹೋಗಿತ್ತು. ಆದರೂ ನೋಡಿ. ದಿನಾ ಓಡುವ ನೇಮದಲ್ಲಿ ಎಡವದ ಮನುಷ್ಯ, ಎಲ್ಲವನ್ನೂ ಬಿಗಿದುಕೊಂಡು ಹೋದ ಕಡೆ ಎಡವಿದರು.

ಬಿಡುವನ್ನು ಮೊದಲೇ ಎಣಿಸಿಟ್ಟರೆ

ಹಿಲ್ ಒಬ್ಬರು. ಒಬ್ಬರನ್ನು ನೋಡಿ ಊರಿಗೆಲ್ಲ ಬುದ್ಧಿ ಹೇಳುವುದು ತಪ್ಪು. ಆದರೆ ಅವರ ನೇಮದಲ್ಲಿ ಇಲ್ಲದ ಆ ಒಂದು ಸಾಲು ಇದ್ದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಬೇರೆಯವರು ಪರೀಕ್ಷೆ ಮಾಡಿ ನೋಡಿದ್ದಾರೆ.

ಮರಿಸಾ ಶರೀಫ್ ಮತ್ತು ಸುಝಾನ್ ಶೂ ಅನ್ನುವ ಇಬ್ಬರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೌದು, ಹಿಲ್ ನಿಲ್ಲಿಸಿದ ವರ್ಷವೇ. ಅದರಲ್ಲಿ ಜನರಿಗೆ ಒಂದು ವಾರ ದಿನಾ ಕಂಪ್ಯೂಟರಿನಲ್ಲಿ ಬೇಜಾರು ಹಿಡಿಸುವ ಒಂದು ಕೆಲಸ ಕೊಟ್ಟರು. ಒಂದು ಗುಂಪಿಗೆ ಏಳೂ ದಿನ ಮಾಡಬೇಕು ಅನ್ನುವ ಗುರಿ. ಇನ್ನೊಂದಕ್ಕೆ ಐದು ದಿನ ಮಾಡಿದರೆ ಸಾಕು. ಮೂರನೆಯದಕ್ಕೆ ಗುರಿ ಏಳು ದಿನವೇ, ಆದರೆ ಕಷ್ಟಕ್ಕೆ ಎರಡು ದಿನ ರಿಯಾಯಿತಿ. ಐದು ದಿನ ಅನ್ನುವುದೂ, ಏಳರಲ್ಲಿ ಎರಡು ರಿಯಾಯಿತಿ ಅನ್ನುವುದೂ ಲೆಕ್ಕದಲ್ಲಿ ಒಂದೇ ಅಲ್ವಾ? ಫಲ ಮಾತ್ರ ಒಂದೇ ಅಲ್ಲ. ಏಳು ದಿನದವರಲ್ಲಿ ಗುರಿ ಮುಟ್ಟಿದವರು ನೂರಕ್ಕೆ 21. ಐದು ದಿನದವರಲ್ಲಿ 26. ರಿಯಾಯಿತಿ ಇದ್ದವರಲ್ಲಿ 53.

ಯಾಕೆ ಹೀಗೆ? ರಿಯಾಯಿತಿ ಅಂತ ಹೆಸರಿದ್ದರೆ ಜನ ಅದನ್ನು ಬೇಗ ಖರ್ಚು ಮಾಡುವುದಿಲ್ಲ. ಮುಂದೆ ಇನ್ನೂ ಕಷ್ಟ ಬಂದರೆ ಇರಲಿ ಅಂತ ಇಟ್ಟುಕೊಳ್ಳುತ್ತಾರೆ. ಅಮ್ಮಂದಿರು ಸಾಸಿವೆ ಡಬ್ಬದಲ್ಲಿ ಇಡುವ ದುಡ್ಡಿನ ಹಾಗೆ. ಆ ದುಡ್ಡು ಇದೆ ಅನ್ನುವುದೇ ಧೈರ್ಯ. ಅದನ್ನು ತೆಗೆದು ಸೀರೆ ತಂದವರನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಅಧ್ಯಯನ ನನ್ನ ಐದೂವರೆಯ ಶಪಥಕ್ಕೆ ನೇರ ಪೆಟ್ಟು ಕೊಟ್ಟಿತು. ಜಾನ್ ಬೆಶಿಯರ್ಸ್, ಕೇಟಿ ಮಿಲ್ಕ್‌ಮನ್ ಮತ್ತು ಜೊತೆಗಾರರು ಗೂಗಲ್‌ನ ಸುಮಾರು 2,500 ನೌಕರರ ಮೇಲೆ ಮಾಡಿದ್ದು. ಜಿಮ್‌ಗೆ ಹೋದರೆ ದುಡ್ಡು. ಕೆಲವರಿಗೆ ತಾವೇ ಆರಿಸಿದ ಹೊತ್ತಿಗೆ ಹೋದರೆ ಮಾತ್ರ, ಇನ್ನು ಕೆಲವರಿಗೆ ಯಾವಾಗ ಹೋದರೂ. ದುಡ್ಡು ಕೊಡುವುದು ನಿಂತ ಮೇಲೆ ಯಾರಿಗೆ ಅಭ್ಯಾಸ ಉಳಿಯುತ್ತದೆ ಅಂತ ನೋಡಿದರು. ಹೊತ್ತು ಗೊತ್ತುಪಡಿಸಿಕೊಂಡವರೇ ಗೆಲ್ಲುತ್ತಾರೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದದ್ದು ಬೇರೆ. ಆ ಗುಂಪಿನವರು ತಮ್ಮ ಹೊತ್ತಿಗೆ ಹೋದರೆ ಹೋದರು, ಆ ಹೊತ್ತು ತಪ್ಪಿತೋ ಆ ದಿನವೇ ಇಲ್ಲ. ಯಾವಾಗ ಬೇಕಾದರೂ ಹೋಗುತ್ತಿದ್ದವರು ಬೆಳಗ್ಗೆ ತಪ್ಪಿದರೆ ಸಂಜೆ ಹೋದರು. ಕೊನೆಗೆ ಜಾಸ್ತಿ ಸಲ ಹೋದವರು ಇವರೇ.

ಒಂದು ದಿನ ತಪ್ಪಿದರೆ ಎಲ್ಲ ಹೋಯಿತಾ ಅನ್ನುವುದಕ್ಕೂ ಉತ್ತರ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ನೋಡಿದರು. ಅಭ್ಯಾಸ ಮೈಗೂಡಲು ಒಬ್ಬೊಬ್ಬರಿಗೆ ಒಂದೊಂದು ಕಾಲ ಹಿಡಿಯಿತು. 12 ವಾರದ ಲೆಕ್ಕವನ್ನು ಮುಂದಕ್ಕೆ ಎಳೆದು ಅಂದಾಜು ಮಾಡಿದಾಗ 18 ದಿನದಿಂದ 254 ದಿನದ ತನಕ ಬಂತು. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಅದನ್ನು ಅಳಿಸಿಹಾಕಿ. ನನಗೆ ಬೇಕಾದ ಮಾತು ಅದೇ ವರದಿಯಲ್ಲಿ ಇನ್ನೊಂದು ಕಡೆ ಇತ್ತು. ನಡುವೆ ಒಂದು ದಿನ ಬಿಟ್ಟದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ಆಪ್‌ನಲ್ಲಿ 71 ಹೋಗಿ ಸೊನ್ನೆ ಬಂತಲ್ಲ, ನನ್ನ ಕಾಲಿನಲ್ಲಿ 71 ಹಾಗೇ ಇತ್ತು. ಅದನ್ನು ಸೊನ್ನೆ ಮಾಡಿದ್ದು ನಾನು, ಯುಗಾದಿಗೆ ಕಾದು.

ಆದರೆ ಇಲ್ಲಿ ಒಂದು ಎಚ್ಚರಿಕೆ. ಸಡಿಲ ಅನ್ನುವುದನ್ನು ಹೊದಿಕೆಯ ಒಳಗೆ, ಬೆಳಗಿನ ಐದೂವರೆಗೆ ತೀರ್ಮಾನ ಮಾಡುವಂತಿಲ್ಲ. ಆ ಹೊತ್ತಿಗೆ ನನ್ನ ಒಳಗಿರುವ ವಕೀಲ ಸುಪ್ರೀಂ ಕೋರ್ಟಿನವನು. ಚಳಿ, ಮಂಡಿ ನೋವು, ನಿನ್ನೆ ಜಾಸ್ತಿ ಕೆಲಸ ಆಯ್ತಲ್ಲ, ದೇಹದ ಮಾತು ಕೇಳಬೇಕಲ್ಲ ಅಂತ ಹೇಳಿ ಕೇಸು ಗೆದ್ದೇ ಗೆಲ್ಲುತ್ತಾನೆ. ಎಲ್ಲಿ ಎಷ್ಟು ಸಡಿಲ ಅಂತ ಹಿಂದಿನ ದಿನವೇ, ಕಾಫಿ ಕುಡಿದು, ತಲೆ ನೆಟ್ಟಗಿರುವಾಗ ಬರೆದಿಡಬೇಕು. ಹಿಲ್ ಮಾಡಿದ್ದು ಅದನ್ನೇ. ಒಂದು ಮೈಲಿ ಸಾಕು ಅನ್ನುವುದನ್ನು ಜ್ವರದ ದಿನ ಕಂಡುಹಿಡಿಯಲಿಲ್ಲ.

ನಿಲ್ಲಿಸಿದ್ದು

ಆ ಶನಿವಾರದ ಮೈಲಿಗೆ ವಾಪಸ್ ಬರೋಣ.

ಎದೆ ನೋಯುತ್ತಿದ್ದಾಗಲೂ 400 ಮೀಟರಿಗೆ ನಿಲ್ಲದೆ ಮೈಲಿ ಮುಗಿಸಿದ್ದು ತಪ್ಪು. ನೇರವಾಗಿ ಹೇಳುತ್ತೇನೆ, ಯಾರೂ ಹಾಗೆ ಮಾಡಬಾರದು. ಎದೆನೋವು ಬಂದರೆ ನಿಲ್ಲಬೇಕು, ಆಸ್ಪತ್ರೆಗೆ ಹೋಗಬೇಕು. ಹಿಲ್ ಅದೃಷ್ಟವಂತರು, ಬದುಕಿದರು.

ಆದರೆ ಮರುದಿನ ಮಾಡಿದ್ದಕ್ಕೆ ಏನನ್ನುತ್ತೀರಿ? 52 ವರ್ಷದ ಲೆಕ್ಕ. ಹಠವೇ ಗೆಲ್ಲುವುದಾಗಿದ್ದರೆ ಇನ್ನೊಂದು ದಿನ, 20 ನಿಮಿಷ, 27 ನಿಮಿಷ, ಹೇಗೋ ತೆವಳಬಹುದಿತ್ತು. ತೆವಳಲಿಲ್ಲ. ನಿಲ್ಲಿಸದೆ ಬೇರೆ ದಾರಿ ಇರಲಿಲ್ಲ, ಹೆಂಡತಿಗೆ, ಮನೆಯವರಿಗೆ, ಸ್ನೇಹಿತರಿಗೆ ಮತ್ತು ನನಗೆ ನಾನೇ ಅಷ್ಟು ಮಾಡಬೇಕಿತ್ತು ಅನ್ನುವ ಅರ್ಥದ ಮಾತು ಹೇಳಿದರು. ಆ ಪಟ್ಟಿಯ ಕೊನೆಯಲ್ಲಿ ತಮ್ಮನ್ನೂ ಸೇರಿಸಿಕೊಂಡರಲ್ಲ, ಅದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 1993ರಲ್ಲಿ ಹೇಳಬೇಕಿದ್ದ ಮಾತನ್ನು ಮನುಷ್ಯ 2017ರಲ್ಲಿ ಹೇಳಿದ. ಹೇಳಿದನಲ್ಲ.

ಮುಂದಿನ ವರ್ಷ ಅವರಿಗೆ ಮರೆವಿನ ಕಾಯಿಲೆ ಇದೆ ಅಂತ ಗೊತ್ತಾಯಿತು. 2021ರ ಮೇ ತಿಂಗಳಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಂಡರು. ದಿನಗಳ ದಾಖಲೆಯನ್ನು ಆಮೇಲೆ ಅಮೆರಿಕದ ಜಾನ್ ಸದರ್‌ಲ್ಯಾಂಡ್ ದಾಟಿದರು. ಅವರ ಸರಪಳಿ ಶುರುವಾಗಿದ್ದು 1969ರಲ್ಲಿ.

ನನ್ನ ಈಗಿನ ನೇಮ ಹೀಗಿದೆ. ಗೇಟಿನಿಂದ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ತನಕ ಹೋಗಿ ಬಂದರೆ ಆ ದಿನ ಆಯಿತು. 11 ನಿಮಿಷ. ಚಪ್ಪಲಿಯಲ್ಲೂ ಹೋಗಬಹುದು, ರಾತ್ರಿ ಊಟ ಆದ ಮೇಲೂ ಹೋಗಬಹುದು. ಕೆರೆ ಸುತ್ತುವುದು ಹುಮ್ಮಸ್ಸಿದ್ದ ದಿನ. ಊರಿಗೆ ಹೋದರೆ ಅಲ್ಲಿನ ಯಾವುದಾದರೂ ಕಂಬವೇ ಟ್ರಾನ್ಸ್‌ಫಾರ್ಮರ್. ಹಳೆಯ ಚಟ್ನಿಪುಡಿ ಡಬ್ಬದಲ್ಲಿ ತಿಂಗಳಿಗೆ ನಾಲ್ಕು ಚೀಟಿ ಹಾಕಿಡುತ್ತೇನೆ. ಹೋಗದ ದಿನ ಒಂದು ಚೀಟಿ ತೆಗೆದು ಹಿಂದೆ ಕಾರಣ ಬರೆಯಬೇಕು. ಜ್ವರ ಇದ್ದರೆ, ತಲೆ ಸುತ್ತಿದರೆ ಚೀಟಿ ಲೆಕ್ಕವೇ ಇಲ್ಲ, ಮಲಗಬೇಕು. ಆ ಸಾಲನ್ನು ಡಬ್ಬದ ಮುಚ್ಚಳದ ಮೇಲೆ ಕೆಂಪು ಸ್ಕೆಚ್‌ಪೆನ್ನಲ್ಲಿ ಬರೆದಿದ್ದೇನೆ. ಹಿಲ್ ಬರೆದುಕೊಳ್ಳದ ಸಾಲು ಅದು.

ಎಲ್ಲ ಸಲೀಸಾಗಿ ನಡೆದಿದೆ ಅಂತಲ್ಲ. ಮೊದಲ ತಿಂಗಳು ಒಂದೇ ಚೀಟಿ ಖರ್ಚಾಯಿತು. ಎರಡನೇ ತಿಂಗಳು 12ನೇ ತಾರೀಖಿಗೇ ನಾಲ್ಕೂ ಖಾಲಿ. ಒಂದರ ಹಿಂದೆ ಬರೆದಿರುವುದು ಓದಿದರೆ ನನಗೇ ನಾಚಿಕೆ, ‘ಧಾರಾವಾಹಿಯ ಕೊನೇ ಕಂತು’. 13ನೇ ತಾರೀಖು ಸಂಜೆ ಧೋ ಅಂತ ಮಳೆ. ಒಂಬತ್ತೂವರೆಗೆ ಅತ್ತೆ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಚೀಟಿ ಮುಗಿದಿರುವುದು ಅವರಿಗೂ ಗೊತ್ತಿತ್ತು. ‘ಕೊಡೆ ತಗೊಂಡು ಹೋಗು ಮಾರಾಯ್ತಿ, ಬಂದ ಮೇಲೆ ಕಾಲು ಒರೆಸ್ಕೋ’ ಅಂದರು.

ಹೋದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಪಾದ ಮುಳುಗುವಷ್ಟು ನೀರು ನಿಂತಿತ್ತು. ಮಳೆಯಲ್ಲಿ ಅದರ ಹತ್ತಿರ ಹೋಗುವುದು ಬೇಡ ಅಂತ ನಾಲ್ಕು ಮನೆ ಮುಂಚೆಯೇ ತಿರುಗಿದೆ. ನೋಟ್‌ಬುಕ್ಕಿನಲ್ಲಿ ಬರೆದೆ: 13, ಮಳೆ, ಕೊಡೆ, ಹಸಿರು ಗೇಟಿನ ಮನೆ ತನಕ, 9 ನಿಮಿಷ.